ಮೂರು ವಾರ ಹೆಣ ಎತ್ತದ ಊರು

ಡರ್ಬಿ, ಇಂಗ್ಲೆಂಡು
6 ಜನವರಿ 2024

ಶಹಾಪುರದ ಶಂಕ್ರಮ್ಮಕ್ಕನ ಪಾದಕ್ಕೆ ಬೋನಾಳದ ಭೀಮರಾಯನ ನಮಸ್ಕಾರ. ಪಾದ ಇಲ್ಲಿಂದ ಬಹಳ ದೂರ ಇದೆ, ಆದರೂ ಮುಟ್ಟಿದೆ ಎಂದು ತಿಳಿದುಕೋ.

ನಿನ್ನ ತಮ್ಮ ವಿಮಾನ ಹತ್ತಿ ಇಳಿದ. ಬೋನಾಳ ಕೆರೆಗೆ ಎಲ್ಲೆಲ್ಲಿಯ ದೇಶಗಳಿಂದಲೋ ಹಕ್ಕಿ ಬರುತ್ತವೆ, ಈ ಸಲ ಬೋನಾಳದ್ದೇ ಒಂದು ಹಕ್ಕಿ ಅವುಗಳ ದೇಶ ನೋಡಲು ಬಂದಿದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಿಲ್ಲಿಸಿ ಏನೇನೋ ಕೇಳಿದ. ಇಂಗ್ಲಿಷಿನಲ್ಲೇ ಬರೋಬ್ಬರಿ ಉತ್ತರ ಕೊಟ್ಟೆ. ಚೀಲ ತೆಗೆಸಿದಾಗ ನಮ್ಮ ಮನೆಯಾಕೆ ಶೇಖಮ್ಮ ಕಟ್ಟಿಕೊಟ್ಟ ನೂರು ಕಟಿ ರೊಟ್ಟಿ ಕಂಡವು. ಒಂದನ್ನು ಬೆರಳಿನಿಂದ ಬಡಿದು ನೋಡಿದ, ಟಣ್ ಅಂತು. ಇದು ಯಾವ ಯಂತ್ರದ ಸಾಮಾನು ಎಂದು ಕೇಳಿದ. ಮುರಿದು ತಿಂದು ತೋರಿಸಿದೆ. ಕೈ ಕುಲುಕಿ ಕಳಿಸಿದ.

ನೀನು ಹೇಳಿದ ಹಾಗೆ ಫೋನ್ ಮಾಡುತ್ತಿಲ್ಲ. "ಫೋನ್ ಹಚ್ಚಿದ್ರ ನಡುವ ಅಕಿ ಕೈಯಾಗ ಕೊಡ್ತಿ, ನಿನ್ನ ಬುದ್ಧಿ ನನಗ ಗೊತ್ತದ" ಎಂದು ಬಸ್ ನಿಲ್ದಾಣದಲ್ಲಿ ಅಂದೆಯಲ್ಲ, ಅದಕ್ಕೇ ಈ ಕಾಗದ. ಅಪ್ಪನ ಮಣ್ಣಿಗೆ ಬರದ ಮಗಳ ಬಾಣಂತನಕ್ಕೆ ನಾನು ಹೋಗುವುದಿಲ್ಲ ಎಂದು ನೀನು ಕುಳಿತುಬಿಟ್ಟೆ. ನಿನ್ನ ಅಳಿಯ ಅಂಬರೀಶನ ತಾಯಿಗೆ ಲಕ್ವಾ ಹೊಡೆದಿದೆ. ಪವಿತ್ರಾಳಿಗೆ ಉಳಿದವನು ನಾನು. ಸೋದರಮಾವ ಬಾಣಂತನ ಮಾಡಿದ್ದನ್ನು ಸುರಪುರ ತಾಲ್ಲೂಕಿನಲ್ಲಿ ಯಾರೂ ಕೇಳಿಲ್ಲ. ಕೇಳಲಿ. ಇಷ್ಟು ವರ್ಷ ಕುರಿಗಳ ಹೆರಿಗೆ ಮಾಡಿಸಿದ ಕೈ ಇದು, ಒಂದು ಕೂಸು ಏನು ಮಹಾ. ನೋಡುತ್ತಿರು, ಆರು ತಿಂಗಳಲ್ಲಿ ನಿಮ್ಮ ತಾಯಿಮಗಳನ್ನು ಒಂದು ಮಾಡದಿದ್ದರೆ ನಾನು ಮೀಸೆ ಬೋಳಿಸುತ್ತೇನೆ.

ಊರಿನ ಸುದ್ದಿ ಕೇಳು. ಸಂಜೆ ನಾಲ್ಕಕ್ಕೆ ಸೂರ್ಯ ಮನೆಗೆ ಹೋಗುತ್ತಾನೆ. ಓಣಿಯಲ್ಲಿ ಮನುಷ್ಯರಿಲ್ಲ, ಕಟ್ಟೆ ಇಲ್ಲ, ಬಾಗಿಲು ತೆರೆದ ಮನೆ ಇಲ್ಲ. ಕಾರಿನಲ್ಲಿ ಬರುವಾಗ ಗುಡ್ಡದ ಮೇಲೆ ಐನೂರು ಕುರಿ ಕಂಡವು, ಕುರುಬ ಇಲ್ಲ. "ಗಾಡಿ ನಿಲ್ಲಸು, ಯಾರೋ ಕುರಿ ಬಿಟ್ಟು ಸತ್ತಾನ" ಅಂದೆ. ಅಂಬರೀಶ ನಕ್ಕ. "ಇಲ್ಲಿ ಕುರುಬ ಇರಂಗಿಲ್ಲ ಮಾಮಾ, ಕಲ್ಲಿನ ಗ್ವಾಡಿ ಇರ್ತದ." ಗೋಡೆಯೇ ಕುರಿ ಕಾಯುವ ದೇಶ ಇದು.

ಇಲ್ಲಿ ಮನೆಗಳೂ ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಕ್ಕದಲ್ಲಿ ಡೋರೀನ್ ಎಂಬ ಮುದುಕಿ, ಅವಳ ಗಂಡ ಮುದುಕ. ಅವನ ಕೆಮ್ಮು ನಮ್ಮ ಗೋಡೆಯೊಳಗಿಂದ ಬರುತ್ತದೆ. ಓಣಿಯಲ್ಲಿ ನನಗೆ ಪರಿಚಯವಾದ ಮೊದಲನೆಯ ದನಿ ಅದೇ.

ಕೂಸು ಗಂಡು, ಗಟ್ಟಿ ಇದೆ.

ನಿನ್ನ ತಮ್ಮ,
ಭೀಮರಾಯ


ಶಹಾಪುರ
21 ಜನವರಿ 2024

ತಮ್ಮ ಭೀಮರಾಯನಿಗೆ,

ನಿನ್ನ ಪತ್ರ ಹದಿನಾಲ್ಕು ದಿನಕ್ಕೆ ಮುಟ್ಟಿತು. ಯಾದಗಿರಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಯಾವುದೆಂದು ಮೂರು ಜನರನ್ನು ಕೇಳಿದವನು ನೀನು. ಇಂಗ್ಲಿಷ್ ಅಧಿಕಾರಿಯ ಜೊತೆ ಏನು ಮಾತಾಡಿರಬಹುದೆಂದು ನನಗೆ ಅಂದಾಜಿದೆ. ಇರಲಿ.

ನಮ್ಮನ್ನು ಒಂದು ಮಾಡುವ ಕೆಲಸ ನಿನಗೆ ಯಾರೂ ಹೇಳಿಲ್ಲ. ಆ ದಿನ ನಾನು ನಿಮ್ಮ ಭಾವನ ತಲೆಯ ಹತ್ತಿರ ಕುಳಿತು ಬಾಗಿಲು ನೋಡುತ್ತಿದ್ದೆ. ನೀನೇ ಬಂದು "ಅಕಿಗಿ ರಜಾ ಕೊಡಂಗಿಲ್ಲಂತ ಅಕ್ಕಾ, ಬರಂಗಿಲ್ಲ" ಅಂದೆ. ಅಪ್ಪ ಸತ್ತಾಗ ರಜೆ ಕೊಡದ ಕೆಲಸವನ್ನು ಬಿಟ್ಟು ಬರಬೇಕಿತ್ತು. ಅದಾದ ಮೇಲೆ ಅವಳು ನಾಲ್ಕು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಐದನೆಯ ಸಲ ಮಾಡಲಿಲ್ಲ. ಒಂದೂವರೆ ವರ್ಷವಾಯಿತು. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳಿದ್ದಾರೆ, ನನ್ನ ಹೊತ್ತು ಹೋಗುತ್ತದೆ.

ಕೂಸಿಗೆ ಎಣ್ಣೆ ಹಚ್ಚುವಾಗ ನೆತ್ತಿ ಒತ್ತಬೇಡ. ಬಾಣಂತಿಗೆ ಅಳವಿ ಬೀಜದ ಪಾಯಸ ಬಿಸಿ ಇರುವಾಗಲೇ ಕೊಡು, ಆರಿದ ಅನ್ನ ಕೊಡಬೇಡ. ಇದನ್ನು ಕೂಸಿನ ಸಲುವಾಗಿ ಬರೆದಿದ್ದೇನೆ, ಬೇರೆ ಯಾರ ಸಲುವಾಗಿಯೂ ಅಲ್ಲ.

ಕೂಸಿನ ಮುಖ ಯಾರ ಹಾಗೆ ಇದೆ ಎಂದು ನೀನು ಬರೆಯಲಿಲ್ಲ.

ಶಂಕ್ರಮ್ಮ


ಡರ್ಬಿ
25 ಜನವರಿ 2024

ಅಕ್ಕನಿಗೆ,

ನಿನ್ನ ಕಾಗದ ಇನ್ನೂ ಬಂದಿಲ್ಲ, ಆದರೆ ನನಗೊಂದು ತೊಡಕು ಬಂದಿದೆ. ನಿನ್ನನ್ನು ಬಿಟ್ಟರೆ ಕೇಳಲು ಯಾರೂ ಇಲ್ಲ.

ಪಕ್ಕದ ಮನೆಯ ಮುದುಕ ಮಂಗಳವಾರ ಬೆಳಗ್ಗೆ ತೀರಿಕೊಂಡ. ಗೋಡೆಯೊಳಗೆ ಕೆಮ್ಮು ಕೇಳಲಿಲ್ಲ ಎಂದು ನಾನೇ ಮೊದಲು ಗುರುತು ಹಿಡಿದೆ. ಅಳುವ ದನಿ ಬರುತ್ತದೆ ಎಂದು ಗೋಡೆಗೆ ಕಿವಿ ಇಟ್ಟು ಕುಳಿತೆ, ಬರಲಿಲ್ಲ. ಒಂದು ಕರಿ ಗಾಡಿ ಬಂತು. ನಾನು ಹೆಗಲು ಕೊಡಲು ಟವೆಲ್ ಹಾಕಿಕೊಂಡು ಹೊರಗೆ ನಿಂತೆ. ಸೂಟು ಹಾಕಿದ ಇಬ್ಬರು ಮುದುಕನನ್ನು ತಳ್ಳುವ ಮಂಚದ ಮೇಲೆ ತಂದು, "ಸಾರಿ" ಎಂದು ನನ್ನನ್ನು ದಾಟಿ, ಗಾಡಿಯಲ್ಲಿ ಇಟ್ಟುಕೊಂಡು ಹೋದರು. ಇಲ್ಲಿ ಕಾಲು ತುಳಿದರೂ ಸಾರಿ, ಸತ್ತರೂ ಸಾರಿ.

ಒಳಗೆ ಬಂದರೆ ಪವಿತ್ರಾ ಒಲೆ ಹಚ್ಚಿದ್ದಳು.

"ಪವೀ, ಆರಿಸು ಅದನ್ನ" ಅಂದೆ.

"ಯಾಕ್ ಮಾಮಾ?"

"ಬಾಜೂ ಮನ್ಯಾಗ ಹೆಣ ಆಗ್ಯದ. ಮಣ್ಣ ಆಗೋತನಕ ಓಣ್ಯಾಗ ಯಾರೂ ಒಲಿ ಹಚ್ಚಂಗಿಲ್ಲ. ಎಲ್ಲಾ ಮರ್ತ್ಯೇನು?"

"ಇಲ್ಲಿ ಹಂಗಿಲ್ಲ ಮಾಮಾ" ಅಂದಳು. ಆದರೆ ಆರಿಸಿದಳು.

ಸಂಜೆಗೆ ಮಣ್ಣು ಆಗುತ್ತದೆ, ಬಂದು ಮೈ ತೊಳೆದುಕೊಂಡು ಒಲೆ ಹಚ್ಚಿದರಾಯಿತು ಎಂದುಕೊಂಡೆ. ಆಗಲಿಲ್ಲ. ಬುಧವಾರವೂ ಆಗಲಿಲ್ಲ. ಇವತ್ತು ಗುರುವಾರ. ಅಂಬರೀಶನನ್ನು ಕೇಳಿದರೆ "ಇನ್ನಾ ತಾರೀಖ ಸಿಕ್ಕಿಲ್ಲಂತ ಮಾಮಾ" ಅಂದ. ಲಗ್ನಕ್ಕೆ ತಾರೀಖು ಕೇಳಿದ್ದೆ, ಹೆಣಕ್ಕೂ ತಾರೀಖು ಎಂದು ಇಲ್ಲಿಯೇ ಕೇಳಿದ್ದು.

ಈಗ ನನ್ನ ತೊಡಕು. ಇವರ ಒಲೆಯಲ್ಲಿ ಬೆಂಕಿ ಇಲ್ಲ, ಒಂದು ಗಾಜಿನ ಹಲಗೆ ಕರೆಂಟಿನಿಂದ ಕಾಯುತ್ತದೆ. ಅದು ಒಲೆ ಎಂದು ಹಿಡಿಯಬೇಕೋ ಬಿಡಬೇಕೋ? ನೀರು ಕಾಯಿಸುವ ಜಗ್ಗು ಒಲೆಯೋ? ಇನ್ನೊಂದು. ಹೆಣ ಈಗ ಓಣಿಯಲ್ಲಿಲ್ಲ, ಮೂರು ಮೈಲಿ ಆಚೆ ಹೆಣ ಇಟ್ಟುಕೊಳ್ಳುವ ಅಂಗಡಿಯಲ್ಲಿದೆ. ನಿಯಮ ಮನೆಗೋ, ಹೆಣಕ್ಕೋ? ಹೆಣಕ್ಕೆ ಅನ್ನುವುದಾದರೆ ಆ ಅಂಗಡಿಯ ಓಣಿಯವರು ವರ್ಷಪೂರ್ತಿ ಒಲೆ ಹಚ್ಚುವಂತಿಲ್ಲ.

ನಾನು ಡೋರೀನಮ್ಮನ ಮನೆಗೆ ಹೋಗಿ ಕುಳಿತು ಬಂದೆ. ಹೋಗಿ ಕೂರದಿದ್ದರೆ ಹೇಗೆ. ಬಾಗಿಲ ಮೆಟ್ಟಿಲ ಮೇಲೆ ತಲೆಗೆ ಕೈ ಹಚ್ಚಿ ಕುಳಿತೆ. ಅವಳು ಹೊರಗೆ ಬಂದು ನೋಡಿ, ಒಳಗೆ ಕರೆದು, ಕುರ್ಚಿ ಹಾಕಿ, ಚಹಾ ಮಾಡಿ ಕೊಟ್ಟಳು, ಜೊತೆಗೆ ಬಿಸ್ಕಿಟ್. ಹೆಣ ಆದ ಮನೆಯಲ್ಲಿ ಚಹಾ. ಕುಡಿಯದಿದ್ದರೆ ಅವಳಿಗೆ ಬೇಜಾರು, ಕುಡಿದರೆ ನಮ್ಮ ಹಿರಿಯರಿಗೆ ಬೇಜಾರು. ಹಿರಿಯರು ದೂರ ಇದ್ದರು, ಕುಡಿದೆ.

ಪವಿತ್ರಾ ಎರಡು ದಿನದಿಂದ ಬ್ರೆಡ್ಡು ಹಣ್ಣು ತಿನ್ನುತ್ತಿದ್ದಾಳೆ. ಬೇಗ ಬರೆ.

ಭೀಮರಾಯ


ಡರ್ಬಿ
4 ಫೆಬ್ರವರಿ 2024

ಅಕ್ಕನಿಗೆ ನಮಸ್ಕಾರ.

ಒಲೆಗೆ ಉತ್ತರ ಬಂತು ಎಂದು ಓಡಿಹೋಗಿ ಒಡೆದರೆ ಅದು ನನ್ನ ಮೊದಲನೆಯ ಕಾಗದದ ಉತ್ತರ. ಇಲ್ಲಿ ಪ್ರಶ್ನೆ ಒಂದು ಕಡೆ, ಉತ್ತರ ಒಂದು ಕಡೆ.

ಹೆಣ ಇನ್ನೂ ಎತ್ತಿಲ್ಲ. ಹನ್ನೆರಡು ದಿನ. ಮೂರನೆಯ ದಿನವೇ ಪವಿತ್ರಾ ಒಲೆ ಹಚ್ಚಿದಳು. "ನನಗ ಹಾಲ ಕಡಿಮಿ ಆಗ್ಯಾವ ಮಾಮಾ, ಕೂಸಿಗೇನ್ ಕೊಡ್ಲಿ" ಅಂದಳು. ನಾನು ಅಡ್ಡ ಬರಲಿಲ್ಲ. ಆದರೆ ನಾನು ಮಾತ್ರ ಬಿಸಿಯದು ಮುಟ್ಟಿಲ್ಲ. ಕಟಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ತಣ್ಣೀರು. ಇಡೀ ಇಂಗ್ಲೆಂಡಿನಲ್ಲಿ ಈ ಮುದುಕನ ಸಲುವಾಗಿ ಒಲೆ ಬಿಟ್ಟವನು ನಾನೊಬ್ಬನೇ. ಡೋರೀನಮ್ಮನ ಚಹಾ ಇದರಲ್ಲಿ ಹಿಡಿಯಬೇಡ.

ಅವಳನ್ನು ನೋಡಿ ನನಗೆ ತಲೆ ತಿರುಗುತ್ತದೆ. ಗಂಡ ಸತ್ತ ಮರುದಿನ ಕಸದ ಡಬ್ಬಿ ಹೊರಗೆ ಇಟ್ಟಳು. ಹಸಿರು ಡಬ್ಬಿಯ ದಿನ ಹಸಿರು, ಕರಿಯ ಡಬ್ಬಿಯ ದಿನ ಕರಿ, ಒಂದೂ ತಪ್ಪಿಲ್ಲ. ಹೂವಿನ ಬಣ್ಣ ಯಾವುದು ಇರಲಿ ಎಂದು ಪವಿತ್ರಾಳನ್ನು ಕೇಳಿದಳು. ದುಃಖ ಇಲ್ಲವೇ ಎಂದರೆ, ಮೊನ್ನೆ ಮುದುಕನ ಚಪ್ಪಲಿ ಒರೆಸಿ ಬಾಗಿಲ ಹತ್ತಿರ ಇಡುತ್ತಿದ್ದಳು. ನನಗೆ ಏನೂ ತಿಳಿಯುವುದಿಲ್ಲ.

ನಿನ್ನೆ ಪವಿತ್ರಾ ಕೂಸಿನ ಬಟ್ಟೆ ಮಡಚುತ್ತಿದ್ದಳು. ಕೇಳಿದೆ:

"ಯಾಕ ಇಡಾಕತ್ಯಾರ ಇಷ್ಟು ದಿನ? ಯಾರರ ತಕರಾರು ಮಾಡ್ಯಾರೇನು?"

"ಮಗ ಬರಬೇಕಲ್ಲ ಮಾಮಾ. ಆಸ್ಟ್ರೇಲಿಯಾದಾಗ ಅದಾನ."

"ಒಬ್ಬ ಮಗನ ಸಲುವಾಗಿ?"

"ಹೌದು. ಬರೋತನಕ ಕಾಯ್ತಾರ."

"ಎಷ್ಟ್ ದಿನ ಅಂತ?"

"ಎಷ್ಟ್ ದಿನ ಆದ್ರೂ" ಅಂದಳು. ಆಮೇಲೆ ಬಟ್ಟೆ ಬಿಟ್ಟು ಕಿಟಕಿ ಕಡೆ ತಿರುಗಿ, "ನನಗ ಒಂದ ದಿನ ಬೇಕಾಗಿತ್ತು" ಅಂದಳು. ಏನು ಅಂದಳೋ, ಬಿಡು. ಬಾಣಂತಿಯರು ಏನಾದರೂ ಅನ್ನುತ್ತಾರೆ.

ಕೂಸಿನ ಮುಖ ಕೇಳಿದ್ದೀ. ಮೂಗು ಸಾಬಣ್ಣ ಭಾವನದು. ಸೀನಿದರೂ ಅವನ ಹಾಗೆಯೇ, ಎರಡು ಸಲ.

ಭೀಮರಾಯ


ಶಹಾಪುರ
8 ಫೆಬ್ರವರಿ 2024

ಭೀಮರಾಯನಿಗೆ,

ನಿನಗೆ ಬುದ್ಧಿ ಇದೆಯೋ ಇಲ್ಲವೋ. ಹೆತ್ತು ಎರಡು ತಿಂಗಳಾಗಿಲ್ಲ, ಹೊರಗೆ ಹಿಮದಂಥ ಚಳಿ, ನೀನು ಅವಳಿಗೆ ತಣ್ಣನೆಯ ಬ್ರೆಡ್ಡು ತಿನ್ನಿಸುತ್ತಿದ್ದೀ. ಈ ಕಾಗದ ಮುಟ್ಟುವ ಹೊತ್ತಿಗೆ ಒಂದು ತಿಂಗಳಾಗಿರುತ್ತದೆ. ಅಷ್ಟು ದಿನ ನನ್ನ ಮಗಳು ಏನು ತಿಂದಳು ಎಂದು ಲೆಕ್ಕ ಹಾಕುತ್ತಾ ನನಗೆ ಊಟ ಹೋಗುತ್ತಿಲ್ಲ.

ನಿನ್ನ ಪತ್ರವನ್ನು ಪಕ್ಕದ ಮನೆಯ ಚಮನಬೀಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಅಂದಳು: "ಹೆಣ ಓಣಿ ದಾಟ್ತಂದ್ರ ಒಲಿ ಹಚ್ಚೂದ್ರಿ. ಅದು ಹೋಗಿ ಎಲ್ಲಿ ಕುಂದರ್ತದೋ ಅಲ್ಲಿಯವ್ರ ಪಾಲಿಗಿ. ಅಂವಗ ಹೇಳ್ರಿ, ಬಾಣಂತಿ ಇದ್ದ ಮನಿಗಿ ಯಾವ ಕಾಯ್ದೆನೂ ಇಲ್ಲ." ನನ್ನ ಮಾತು ಕೇಳದಿದ್ದರೂ ಅವಳ ಮಾತು ಕೇಳು. ಗಾಜಿನ ಹಲಗೆಯೋ ಕಲ್ಲಿನ ಹಲಗೆಯೋ, ಹಚ್ಚು.

ನಿಮ್ಮ ಭಾವ ಹೋದ ದಿನ ಚಮನಬೀಯ ಮನೆಯಲ್ಲೂ ಸಂಜೆಯವರೆಗೆ ಒಲೆ ಹತ್ತಿರಲಿಲ್ಲ, ಮಕ್ಕಳು ಹಸಿದಿದ್ದವು. ನಮ್ಮ ಸಲುವಾಗಿ ಹಸಿದವರನ್ನು ನಾನು ಮರೆತಿಲ್ಲ. ಆದರೆ ಅದು ಒಂದು ದಿನದ ಮಾತು. ಒಂದು ದಿನ ಯಾರಾದರೂ ತಡೆಯುತ್ತಾರೆ.

ನಿನ್ನ ಕುರಿ ಚೆನ್ನಾಗಿವೆಯೆಂದು ಶೇಖಮ್ಮ ಹೇಳಿದಳು. ಒಣಶುಂಠಿ, ಅಳವಿ, ಬೆಲ್ಲದ ಪಾರ್ಸಲ್ ಕಳಿಸಿದ್ದೇನೆ. ನಾನು ಕಳಿಸಿದೆ ಎಂದು ಹೇಳುವುದು ಬೇಡ.

ಶಂಕ್ರಮ್ಮ


ಡರ್ಬಿ
17 ಫೆಬ್ರವರಿ 2024

ಅಕ್ಕನಿಗೆ,

ಮೊನ್ನೆ ಗುರುವಾರ ಮುದುಕನದು ಮುಗಿಯಿತು. ಇಪ್ಪತ್ತಮೂರು ದಿನ. ಅಲ್ಲಿ ಏನಾಯಿತೋ ಹೇಳುತ್ತೇನೆ, ಅರ್ಥ ನೀನೇ ಮಾಡಿಕೋ.

ಮಗ ಬಂದ. ಆರಡಿ ಮನುಷ್ಯ, ಬಿಸಿಲಿಗೆ ಕೆಂಪಾದವನು. ಎಲ್ಲರೂ ಕರಿ ಬಟ್ಟೆ ಹಾಕಿಕೊಂಡು ಒಂದು ಹಾಲ್‌ನಲ್ಲಿ ಕುಳಿತರು. ಮಗ ಎದ್ದು ನಿಂತು ಅಪ್ಪನ ಬಗ್ಗೆ ಏನೋ ಹೇಳಿದ. ಎಲ್ಲರೂ ನಕ್ಕರು. ಡೋರೀನಮ್ಮನೂ ನಕ್ಕಳು. ಅಪ್ಪನ ಪೆಟ್ಟಿಗೆ ಅಲ್ಲೇ ಇದೆ, ನಗುತ್ತಿದ್ದಾರೆ. ನಾನೂ ನಕ್ಕೆ, ಒಬ್ಬನೇ ಸುಮ್ಮನಿದ್ದರೆ ತಪ್ಪಾದೀತು ಎಂದು. ನಾನು ನಗುವ ಹೊತ್ತಿಗೆ ಡೋರೀನಮ್ಮನನ್ನು ಬಿಟ್ಟು ಎಲ್ಲರೂ ಅಳತೊಡಗಿದ್ದರು.

ನಾನು ಹಿತ್ತಲಿನಿಂದ ಒಂದು ಮುಟಿಗೆ ಮಣ್ಣು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಆದರೆ ಅಲ್ಲಿ ಕುಣಿ ಇರಲಿಲ್ಲ. ಪೆಟ್ಟಿಗೆಯ ಮುಂದೆ ಒಂದು ಪರದೆ ತಾನೇ ಸರಿದು ಮುಚ್ಚಿಕೊಂಡಿತು, ಒಳಗೆ ಸುಡುತ್ತಾರಂತೆ. ಎಲ್ಲರೂ ಎದ್ದು ಹೊರಟರು. ಮಣ್ಣು ಕೊಡದೆ ಹೇಗೆ ಹೊರಡುವುದು. ಮುಟಿಗೆ ಹಿಡಿದು ನಿಂತೇ ಇದ್ದೆ. ಮಗ ಬಂದು ನನ್ನ ಕೈ ನೋಡಿದ. ಅಂಬರೀಶ ಅವನಿಗೆ ಏನೋ ಬಿಡಿಸಿ ಹೇಳಿದ. ಅವನು ಅಂಗೈ ಚಾಚಿದ. ಅರ್ಧ ಮಣ್ಣು ಅವನಿಗೆ ಕೊಟ್ಟೆ. ಇಬ್ಬರೂ ಹೊರಗೆ ಹೋಗಿ ಹುಲ್ಲಿನ ಮೇಲೆ ಹಾಕಿದೆವು. ಅವನು ನನ್ನ ಭುಜ ಹಿಡಿದು ಬಹಳ ಹೊತ್ತು ನಿಂತ.

ಪವಿತ್ರಾ ಕೂಸನ್ನು ಎತ್ತಿಕೊಂಡು ನೋಡುತ್ತಿದ್ದಳು. ನಾನು ಸ್ನಾನ ಮಾಡಿ, ರೊಟ್ಟಿ ತಟ್ಟಿಸಿ, ಹಿಟ್ಟಿನ ಪಲ್ಯ ಮಾಡಿಸಿ ಡೋರೀನಮ್ಮನಿಗೆ ಬುತ್ತಿ ಕೊಟ್ಟು ಬಂದೆ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಕೊನೆಗೆ ಬಂತಲ್ಲ ಎಂದು ನನಗೆ ಸಮಾಧಾನವಾಯಿತು.

ಇನ್ನೊಂದು ಮಾತು ಬರೆಯಬೇಕಿತ್ತು. ಬೇಡ, ಹಾಳೆ ಮುಗಿಯಿತು.

ಭೀಮರಾಯ


ಶಹಾಪುರ
20 ಫೆಬ್ರವರಿ 2024

ಭೀಮರಾಯನಿಗೆ,

ನೀನು ನಾಲ್ಕನೆಯ ತಾರೀಖು ಬರೆದ ಪತ್ರ ಮುಟ್ಟಿತು. ಕೂಸಿನ ಮೂಗಿನ ಮಾತು ಓದಿದೆ. ಅದರ ಬಗ್ಗೆ ಏನೂ ಬರೆಯಲಾರೆ.

"ನನಗ ಒಂದ ದಿನ ಬೇಕಾಗಿತ್ತು" ಅಂದಳು ಎಂದು ಬರೆದಿದ್ದೀ. ಯಾವ ಒಂದು ದಿನ? ಯಾತಕ್ಕೆ? ಬಾಣಂತಿಯ ಮಾತು ಎಂದು ನನಗೆ ಹೇಳಬೇಡ, ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಸುಮ್ಮಸುಮ್ಮನೆ ಮಾತು ಆಡುವವಳಲ್ಲ. ಬರುವುದಿಲ್ಲ ಎಂದು ತಾನೇ ಹೇಳಿದವಳಿಗೆ ಒಂದು ದಿನ ಯಾಕೆ ಬೇಕಿತ್ತು?

ನಿನಗೆ ಅರ್ಧ ಹೇಳಿ ಬಿಡುವ ಚಟ ಸಣ್ಣವನಿದ್ದಾಗಿನಿಂದ ಇದೆ. ಈ ಸಲ ಪೂರಾ ಬರೆ.

ಶಂಕ್ರಮ್ಮ


ಡರ್ಬಿ
5 ಮಾರ್ಚ್ 2024

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು. ಪಾದ, ನಮಸ್ಕಾರ ಬರೆಯುವ ಮುಖ ಇವತ್ತು ನನಗಿಲ್ಲ.

ಆಗಸ್ಟಿನ ಆ ದಿನ ಬೆಳಗ್ಗೆ ಆರಕ್ಕೆ ಭಾವ ಹೋದ. ಏಳಕ್ಕೆ ನಾನು ಪವಿತ್ರಾಳಿಗೆ ಫೋನಿನಲ್ಲಿ ತಿಳಿಸಿದೆ. ಹನ್ನೆರಡಕ್ಕೆ ಅವಳು ತಿರುಗಿ ಮಾಡಿದಳು. "ಮಾಮಾ, ಟಿಕೆಟ್ ಸಿಕ್ಕದ. ನಾಳೆ ಮುಂಜಾನೆ ಹೈದರಾಬಾದಿನ್ಯಾಗ ಇಳೀತೀನಿ, ಮಧ್ಯಾಹ್ನದೊಳಗ ಶಹಾಪುರ. ಒಂದ ದಿನ ಇಡ್ರಿ. ಅವ್ವಗ ಹೇಳ್ರಿ." ನಾನು "ಬಾ ತಾಯಿ, ನಾ ಅದೀನಲ್ಲ" ಅಂದೆ. ಅದೇ ಆ ಒಂದು ದಿನ. ರಜೆ ಇಲ್ಲ ಎಂದು ಅವಳು ಯಾವತ್ತೂ ಹೇಳಲಿಲ್ಲ. ಅದು ನನ್ನ ಮಾತು.

ನಿನಗೆ ಹೇಳಲು ಒಳಗೆ ಬರುತ್ತಿದ್ದೆ. ಅಂಗಳದಲ್ಲಿ ಬಳಿಚಕ್ರದ ದೊಡ್ಡಪ್ಪ ನಿಲ್ಲಿಸಿದ. "ಏನೋ ಭೀಮ್ಯಾ, ಎಲ್ಲಾ ನಿಂದೇ ಕಾರಭಾರ ಅಂತಿ. ಮುಗಿಲು ಕಟ್ಟ್ಯದ, ಕುಣ್ಯಾಗ ನೀರು ನಿಂತ್ರ ಏನ್ ಮಾಡ್ತಿ? ಓಣಿ ಮಂದಿ ಉಪವಾಸ ಅದಾರ. ಮಗಳು ಬರ್ತಾಳೋ ಇಲ್ಲೋ, ಒಂದ್ ಮಾತು ಹೇಳು." ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಳೆ ಮಧ್ಯಾಹ್ನದವರೆಗೆ ಇಡೋಣ ಎಂದರೆ ಅವರು ನಗುತ್ತಾರೆ, ಹೆಂಗಸಿನ ಮಾತಿಗೆ ಹೆಣ ಇಟ್ಟ ಎನ್ನುತ್ತಾರೆ ಅನ್ನಿಸಿತು. ಬರುತ್ತಾಳೆ, ಆದರೂ ಎತ್ತಿರಿ ಎನ್ನಲು ಧೈರ್ಯ ಆಗಲಿಲ್ಲ. ಬಾಯಿಗೆ ಬಂದದ್ದು "ಬರಂಗಿಲ್ಲ, ಎತ್ರಿ". ಅಂದ ಮೇಲೆ ಅದನ್ನೇ ನಿನ್ನ ಹತ್ತಿರ ಬಂದು ಹೇಳಬೇಕಾಯಿತು. ಹೆಣ ಇಡುವ ಐಸ್ ಪೆಟ್ಟಿಗೆ ಯಾದಗಿರಿಯಿಂದ ತರಿಸಬಹುದಿತ್ತು. ನಂಬರು ನನ್ನ ಕಿಸೆಯಲ್ಲೇ ಇತ್ತು.

ನಾಲ್ಕಕ್ಕೆ ಅವಳಿಗೆ ಫೋನ್ ಮಾಡಿದೆ. ವಿಮಾನ ನಿಲ್ದಾಣದ ಬಸ್ಸಿನಲ್ಲಿದ್ದಳು. "ನಿಮ್ಮವ್ವ ತಡೀಲಿಲ್ಲವ್ವಾ, ಎತ್ತಾಕತ್ಯಾರ" ಅಂದೆ. ಬಸ್ಸಿನ ಸದ್ದು ಕೇಳುತ್ತಿತ್ತು. ಅಲ್ಲಿಂದಲೇ ತಿರುಗಿ ಹೋದಳು.

ನಿನಗೆ ಮಗಳ ಮೇಲೆ ಹಾಕಿದೆ, ಮಗಳಿಗೆ ನಿನ್ನ ಮೇಲೆ ಹಾಕಿದೆ. ಒಂದೂವರೆ ವರ್ಷ ನಿನ್ನ ಮನೆಯಲ್ಲಿ ಉಂಡೆ, ಈಗ ಅವಳ ಮನೆಯಲ್ಲೂ ಉಣ್ಣುತ್ತಿದ್ದೇನೆ. ನೀವಿಬ್ಬರು ಒಂದು ಸಲ ಮಾತಾಡಿದರೆ ನಾನು ಸಿಕ್ಕಿಬೀಳುತ್ತೇನೆ, ಮಾತಾಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬಾಣಂತನಕ್ಕೆ ಹೊರಟಾಗ ಎಲ್ಲರೂ ನನ್ನನ್ನು ದೊಡ್ಡ ಮನುಷ್ಯ ಅಂದರು, ನಾನೂ ಹೌದು ಎಂದೆ.

ಗುರುತಿಲ್ಲದ ಆ ಮುದುಕನ ಸಲುವಾಗಿ ಇಪ್ಪತ್ತಮೂರು ದಿನ ತಣ್ಣನೆಯ ರೊಟ್ಟಿ ಯಾಕೆ ತಿಂದೆ ಎಂದು ನೀನು ಕೇಳಿದರೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ಈ ದೇಶದವರು ಹೆಣವನ್ನೇ ಮರೆತವರು ಎಂದು ಮೊದಲು ಬೈದೆ. ಕಾಯುತ್ತಿದ್ದಾರೆ ಎಂದು ತಿಳಿದ ದಿನದಿಂದ ಪವಿತ್ರಾಳ ಮುಖ ನೋಡಲು ಆಗುತ್ತಿಲ್ಲ.

ಅವಳಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಬೇಕೋ ತಿಳಿಯದು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಭೀಮರಾಯ


ಶಹಾಪುರ
20 ಮಾರ್ಚ್ 2024

ಭೀಮರಾಯ,

ಸೋಮವಾರ ನಿನ್ನ ಪತ್ರ ಬಂತು. ಮಕ್ಕಳಿಗೆ ಊಟ ಬಡಿಸಿ, ಅಂಗನವಾಡಿಗೆ ಬೀಗ ಹಾಕಿ, ಮನೆಗೆ ಬಂದು ಓದಿದೆ. ಚಮನಬೀ "ಏನಂತ್ರಿ ಒಲಿ ಸುದ್ದಿ" ಎಂದು ಕೇಳಿದಳು. ಅವಳಿಗೆ ಓದಿ ಹೇಳಲಿಲ್ಲ.

ಎರಡು ದಿನ ನಿನಗೆ ಏನು ಬರೆಯಬೇಕೆಂದು ಯೋಚಿಸಿದೆ. ಮೊದಲು ಬರೆದದ್ದನ್ನು ಹರಿದುಹಾಕಿದೆ, ಅದು ಅಕ್ಕ ಬರೆಯುವಂಥದ್ದಾಗಿರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಮಾತು ಇದೆ. ದೊಡ್ಡಪ್ಪ ನಿನ್ನನ್ನು ಕೇಳುವ ಮೊದಲು ನನ್ನನ್ನು ಕೇಳಿದ. "ಶಂಕ್ರಮ್ಮಾ, ಮಗಳಿಗೆ ತಡಿಯೂಣೇನು?" ಅಂದ. ನಾನು "ಭೀಮನ್ನ ಕೇಳ್ರಿ" ಅಂದೆ. ನಿನ್ನ ಕೈಯಿಂದ ಫೋನ್ ಇಸಿದುಕೊಂಡು ಅವಳ ದನಿ ಕೇಳಬಹುದಿತ್ತು. ಕೇಳಲಿಲ್ಲ. ಆಮೇಲೆ ಅವಳು ನಾಲ್ಕು ಸಲ ಮಾಡಿದಳು. ನೀನು ಸುಳ್ಳು ಹೇಳಿದ್ದು ಒಂದು ದಿನ, ಎತ್ತದೆ ಕುಳಿತವಳು ನಾನು ಒಂದೂವರೆ ವರ್ಷ. ಇದರಿಂದ ನಿನ್ನ ತಪ್ಪು ಸಣ್ಣದಾಯಿತು ಎಂದು ತಿಳಿಯಬೇಡ.

ನಾನು ಫೋನ್ ಮಾಡಿ ಇದನ್ನು ಅವಳಿಗೆ ಹೇಳಬಹುದು. ಹೇಳಿದರೆ ಅವ್ವ ತನ್ನದನ್ನು ತಮ್ಮನ ಮೇಲೆ ಹಾಕಿದಳು ಎಂದು ಆಗುತ್ತದೆ. ನೀನು ಹೇಳು. ಅಂಬರೀಶನ ಕೈಯಲ್ಲಿ ಹೇಳಿಸಬೇಡ, ನಗಿಸುತ್ತಾ ಹೇಳಬೇಡ, ನಿನ್ನದೊಂದು ಮಾತೂ ಸೇರಿಸಬೇಡ. ಅವಳ ಎದುರು ಕುಳಿತು, ಆದದ್ದು ಆದ ಹಾಗೆ ಹೇಳು. ನಾನು ಬಾಗಿಲು ನೋಡುತ್ತಾ ಕುಳಿತಿದ್ದೆ ಎಂಬುದನ್ನೂ ಹೇಳು. ಹೇಳಿದ ಮೇಲೆ ಏನಾಯಿತೆಂದು ನನಗೆ ಬರೆ.

ಊರಿಗೆ ಬಂದ ಮೇಲೆ ದೊಡ್ಡಪ್ಪನ ಮುಂದೆಯೂ ಹೇಳಬೇಕಾಗುತ್ತದೆ. ತಯಾರಾಗಿ ಬಾ.

ಶಂಕ್ರಮ್ಮ


ಡರ್ಬಿ
3 ಏಪ್ರಿಲ್ 2024

ಅಕ್ಕನಿಗೆ,

ನಿನ್ನ ಕಾಗದ ಓದಿ ಮುಗಿಸಿ ಅಡುಗೆ ಮನೆಗೆ ಹೋದೆ. ಪವಿತ್ರಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಎದುರು ಕುಳಿತು ಹೇಳಿದೆ. ನೀನು ಹೇಳಿದ ಹಾಗೆಯೇ, ಏನನ್ನೂ ಸೇರಿಸಲಿಲ್ಲ. ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಇಷ್ಟೇ ಇತ್ತಲ್ಲ ಎಂದು ನನಗೇ ಅನ್ನಿಸಿತು.

ಅವಳು ಬೈಯಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ಕೋಟು ಹಾಕಿಕೊಂಡು ಹೊರಗೆ ಹೋದಳು. ಕಿಟಕಿಯಿಂದ ನೋಡುತ್ತಿದ್ದೆ. ಈ ಓಣಿಯನ್ನು ಮೂರು ಸಲ ಸುತ್ತಿದಳು. ಮೂರನೆಯ ಸಲ ಡೋರೀನಮ್ಮ ಬಾಗಿಲು ತೆರೆದು ಏನೋ ಕೇಳಿದಳು. ಪವಿತ್ರಾ ತಲೆ ಅಲ್ಲಾಡಿಸಿ ಮುಂದೆ ಹೋದಳು. ಒಳಗೆ ಬಂದು ಕೋಟು ತೆಗೆಯದೆಯೇ ಕುಳಿತಳು. ಟಿಕೆಟ್ ತೆಗೆದುಕೊಂಡು ಊರಿಗೆ ಹೋಗು ಎನ್ನುತ್ತಾಳೆ ಎಂದುಕೊಂಡೆ.

"ಎಷ್ಟಕ್ಕ ಎತ್ತಿದ್ರಿ?" ಅಂದಳು.

"ಐದಕ್ಕ."

"ಯಾವ ಧೋತ್ರ ಉಡ್ಸಿದ್ರಿ ಅಪ್ಪಗ?"

"ನಿನ್ನ ಲಗ್ನದಾಗ ಉಟ್ಟಿದ್ದು. ಕೆಂಪು ಅಂಚಿಂದು."

"ಮೈ ಯಾರು ತೊಳದ್ರು?"

ಅಕ್ಕಾ, ಅವಳು ಒಂದೊಂದೇ ಕೇಳುತ್ತಾ ಹೋದಳು. ಹೆಗಲು ಯಾರು ಯಾರು ಕೊಟ್ಟರು, ಯಾವ ಹಾದಿಯಿಂದ ಒಯ್ದಿರಿ, ಮಳೆ ಬಂತೋ, ಕುಣಿ ಹೊಲದ ಯಾವ ಮೂಲೆಗೆ, ಬೇವಿನ ಗಿಡದ ಆಚೆಗೋ ಈಚೆಗೋ. ಮಳೆ ಬರಲಿಲ್ಲ ಎಂದೆ. ಮುಗಿಲು ಕಟ್ಟಿದ್ದು ಹಾಗೇ ಹೋಯಿತು ಎಂದೆ. ಅವಳು "ಮುಂದ ಹೇಳ್ರಿ" ಅಂದಳು. ಬೆಳಗಿನ ಆರರಿಂದ ಮಣ್ಣು ಮುಗಿಸಿ ಎಲ್ಲರೂ ತಿರುಗಿ ನೋಡದೆ ಬಂದ ತನಕ ಹೇಳಿದೆ. ನಡುವೆ ಕೂಸು ಎರಡು ಸಲ ಎದ್ದು ಮಲಗಿತು. ಅಂಬರೀಶ ಕೆಲಸದಿಂದ ಬಂದು, ಬಾಗಿಲಲ್ಲೇ ಸ್ವಲ್ಪ ನಿಂತು, ಮೇಲೆ ಹೋದ.

ಎಲ್ಲಾ ಕೇಳಿದ ಮೇಲೆ ಅತ್ತಳು. ನಮ್ಮೂರಿನವರು ಅಳುವ ಹಾಗೆ, ದನಿ ತೆಗೆದು, "ಅಪ್ಪಾ" ಎಂದು ಕರೆದು. ಇಲ್ಲಿಗೆ ಬಂದ ಮೇಲೆ ಆ ದನಿ ನಾನು ಕೇಳಿದ್ದು ಅದೇ ಮೊದಲು. ಗೋಡೆಯಾಚೆ ಡೋರೀನಮ್ಮ ಟಿವಿ ಆರಿಸಿದಳು.

ಪವಿತ್ರಾ ನನಗೆ ಊಟಕ್ಕೆ ತಾಟು ಇಡುತ್ತಾಳೆ, ಮಾಮಾ ಎನ್ನುವುದಿಲ್ಲ. ಎಷ್ಟು ದಿನವೋ ನನಗೆ ಗೊತ್ತಿಲ್ಲ, ಅದನ್ನು ಕೇಳುವ ಹಕ್ಕೂ ನನ್ನದಲ್ಲ.

ಇವತ್ತು ಬೆಳಗ್ಗೆ ಇನ್ನೊಂದು ಕೇಳಿದಳು. ಹೆಣ ಹೊಸ್ತಿಲು ದಾಟುವಾಗ ಅವ್ವ ಏನಂದಳು ಎಂದು. ನಾನು ಆಗ ಹೊರಗೆ ಮಂದಿಯನ್ನು ಸರಿಸುತ್ತಾ ಕೂಗಾಡುತ್ತಿದ್ದೆ, ಕೇಳಿಸಿಕೊಂಡಿಲ್ಲ. ಏನಾದರೂ ಹೇಳಿಬಿಡಬಹುದಿತ್ತು. ಗೊತ್ತಿಲ್ಲ ಎಂದೆ.

ಅದು ನಿನಗೊಬ್ಬಳಿಗೇ ಗೊತ್ತು ಅಕ್ಕಾ. ಕಾಗದದಲ್ಲಿ ಬರೆಯಬೇಡ, ಹದಿನಾಲ್ಕು ದಿನ ಹಿಡಿಯುತ್ತದೆ. ಅವಳು ಫೋನ್ ಮುಂದೆ ಇಟ್ಟುಕೊಂಡು ಕುಳಿತಿದ್ದಾಳೆ.

ಭೀಮರಾಯ